ಲಾಡಖಾನನ ಮನಿ

ನಮ್ಮ ಐಹೊಳಿ ಆಯಿ ಅದನ್ನು ಇವತ್ತಿಗೂ ಗುಡಿ ಅನ್ನುವುದಿಲ್ಲ. "ಲಾಡಖಾನನ ಮನಿ" ಅನ್ನುತ್ತಾಳೆ. ಆಕೆ ನಮ್ಮ ಅವ್ವನ ತಾಯಿಯ ತಂಗಿ. ಹುಟ್ಟಿದ್ದು ಐಹೊಳೆಯಲ್ಲಿ, ಲಗ್ನ ಮಾಡಿ ಕೊಟ್ಟದ್ದೂ ಅದೇ ಊರಿಗೆ. ಹಾಗಾಗಿ ಮೊಮ್ಮಕ್ಕಳಿಗೆಲ್ಲ ಆಕೆ ಐಹೊಳಿ ಆಯಿ. ಎಂಬತ್ತು ದಾಟಿದೆ. ಕಣ್ಣು ಮಂಜಾಗಿವೆ, ನೆನಪು ಮಾತ್ರ ಗಟ್ಟಿ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಬಾಗಲಕೋಟೆಯಿಂದ ಶಾಲೆಯ ಟ್ರಿಪ್ ಐಹೊಳೆಗೆ ಹೋಗಿತ್ತು. ಲಾಡ್ ಖಾನ್ ಗುಡಿಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಾಸ್ತರರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ತಿಳುವಳಿಕಿ ಇಲ್ಲದ ಜನ ಇಂಥಾ ಗುಡಿಯೊಳಗ ಸಂಸಾರ ಹೂಡಿದ್ರು, ದನ ಕಟ್ಟಿದ್ರು. ಅವರನ್ನ ಹೊರಗ ಹಾಕಿದ ಮ್ಯಾಲೆ ಗುಡಿ ಉಳೀತು." ಹುಡುಗರು ನಕ್ಕರು. ನಾನು ತಲೆ ತಗ್ಗಿಸಿದೆ. ಆ ಜನ ಯಾರು ಅಂತ ನನಗೆ ಗೊತ್ತಿತ್ತಲ್ಲ. ಐಹೊಳಿ ಆಯಿ ಹುಟ್ಟಿದ್ದೇ ಒಂದು ಗುಡಿಯೊಳಗೆ. ಅವರವ್ವ ಬಾಣಂತನ ಮಾಡಿಸಿಕೊಂಡದ್ದು, ಒಲೆ ಹೂಡಿದ್ದು, ಎಮ್ಮೆ ಕಟ್ಟಿದ್ದು ಎಲ್ಲ ಅಲ್ಲೇ. ಆ ದಿನ ನಾನು ಯಾರಿಗೂ ಹೇಳಲಿಲ್ಲ. ನಾಲ್ಕು ಹೆಜ್ಜೆ ಆಚೆ ಆಯಿಯ ಮನೆ ಇತ್ತು. ಟ್ರಿಪ್ ಬರುತ್ತದೆ ಅಂತ ಆಕೆ ಶೇಂಗಾ ಹೋಳಿಗೆ ಮಾಡಿ ಇಟ್ಟುಕೊಂಡು ಕಾಯುತ್ತಿದ್ದಳಂತೆ. ನಾನು ಹೋಗಲೇ ಇಲ್ಲ. ಈ ಮಾತು ನನ್ನನ್ನು ಬಹಳ ವರ್ಷ ಕಾಡಿದೆ.

ಹೋಗದೇ ಇದ್ದದ್ದಕ್ಕೆ ಕಾರಣ ನಾಚಿಕೆ. ಆ ನಾಚಿಕೆ ನನಗೆ ಎಲ್ಲಿಂದ ಬಂತು, ಆಮೇಲೆ ಹೇಗೆ ಹೋಯಿತು ಅನ್ನುವುದನ್ನು ಬರೆಯಬೇಕು ಅಂತ ಎಷ್ಟೋ ದಿನದಿಂದ ಅನ್ನಿಸುತ್ತಿತ್ತು.

ಲಾಡ್ ಖಾನ್ ಗುಡಿ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎತ್ತರದ ಶಿಖರ ಇಲ್ಲ. ದೂರದಿಂದ ನೋಡಿದರೆ ನಮ್ಮ ಕಡೆಯ ಹಳೆಯ ಗೌಡರ ವಾಡೆಯ ಪಡಸಾಲೆಯ ಹಾಗೆ ಕಾಣುತ್ತದೆ. ಚೌಕಾದ ದೊಡ್ಡ ಅಂಗಳದಂಥ ಮಂಟಪ, ಅದರೊಳಗೆ ಕಂಬಗಳ ಎರಡು ಸುತ್ತು, ನಟ್ಟ ನಡುವೆ ಬಸವಣ್ಣ. ಮುಂದಿನ ಮುಖಮಂಟಪದಲ್ಲಿ ಬೆನ್ನು ಕೊಟ್ಟು ಕೂಡುವುದಕ್ಕೆ ಕಲ್ಲಿನ ಕಟ್ಟೆ. ಚಾವಣಿ ನೋಡಬೇಕು ನೀವು. ಇಳಿಜಾರಾಗಿ ಹಾಸುಗಲ್ಲು ಹೊದಿಸಿದ್ದಾರೆ. ಎರಡು ಕಲ್ಲು ಕೂಡುವ ಸಂದಿನ ಮೇಲೆ ಉದ್ದಕ್ಕೆ ಒಂದೊಂದು ಕಲ್ಲಿನ ಪಟ್ಟಿ, ಥೇಟ್ ಮರದ ದಿಮ್ಮಿಯ ಹಾಗೆ. ಮಳೆ ನೀರು ಸಂದಿಗೆ ಇಳಿಯಬಾರದು ಅಂತ. ಮರದಲ್ಲಿ ಮನೆ ಕಟ್ಟುವುದನ್ನು ಬಲ್ಲ ಕೈಗಳು ಅದೇ ರೂಢಿಯಲ್ಲಿ ಕಲ್ಲಿನಲ್ಲೂ ಕಟ್ಟಿವೆ. ಮೇಲೆ ಇನ್ನೊಂದು ಸಣ್ಣ ಗುಡಿ, ಅದರ ಗೋಡೆಯ ಮೇಲೆ ಸೂರ್ಯ. ಅಲ್ಲಿಗೆ ಹತ್ತುವುದಕ್ಕೆ ಒಳಗೆ ಕಲ್ಲಿನ ಏಣಿ. ನಮ್ಮ ಹಳೆಯ ಮನೆಯಲ್ಲಿ ಮಾಳಿಗೆಗೆ ಹತ್ತುತ್ತಿದ್ದ ಕಟ್ಟಿಗೆಯ ಏಣಿಯೇ ಕಲ್ಲಾಗಿ ನಿಂತಿದೆಯೇನೋ ಅನ್ನಿಸುತ್ತದೆ.

ಇನ್ನು ಗರ್ಭಗುಡಿ. ಅದು ಹಿಂದಿನ ಗೋಡೆಗೆ ಒತ್ತಿಕೊಂಡ ಸಣ್ಣ ಕೋಣೆ. ನೋಡಿದ ಕೂಡಲೇ ಆಮೇಲೆ ಸೇರಿಸಿದ್ದು ಅನ್ನಿಸುತ್ತದೆ. ಹಾಗೆಂದು ವಿದ್ವಾಂಸರೂ ಬರೆದಿದ್ದಾರೆ. ಇದು ಮೊದಲು ಊರ ಹಿರಿಯರು ಕೂಡುವ ಸಭಾಮಂಟಪದ ಮಾದರಿಯಲ್ಲಿ ಕಟ್ಟಿದ್ದು ಅನ್ನುವವರಿದ್ದಾರೆ. ಮೊದಲು ಸೂರ್ಯನಿಗೋ ವಿಷ್ಣುವಿಗೋ ಸೇರಿದ್ದು, ಲಿಂಗ ಬಸವಣ್ಣ ಬಂದದ್ದು ಆಮೇಲೆ ಅನ್ನುವವರೂ ಇದ್ದಾರೆ. ಬಹಳ ಕಾಲದ ಮೇಲೆ ಲಾಡ್ ಖಾನ್ ಎಂಬುವನು ಇಲ್ಲಿ ವಾಸವಾಗಿದ್ದ. ಆದಿಲ್ ಶಾಹಿ ಕಾಲದ ಸರದಾರ ಅಂತ ಕೆಲವರು, ಫಕೀರ ಅಂತ ಕೆಲವರು. ಯಾರೇ ಇರಲಿ, ಕಟ್ಟಿಸಿದವನ ಹೆಸರು ಹೋಯಿತು, ದೇವರ ಹೆಸರೂ ಹೋಯಿತು, ಬಾಳಿದವನ ಹೆಸರು ಉಳಿಯಿತು.

ಇಷ್ಟೇ ಅಲ್ಲ. ಇದರ ವಯಸ್ಸೂ ನಮ್ಮ ಕಾಲದಲ್ಲೇ ಬದಲಾಗಿದೆ. ಬ್ರಿಟಿಷರ ಕಾಲದ ಪುರಾತತ್ವ ಅಧಿಕಾರಿ ಹೆನ್ರಿ ಕಸಿನ್ಸ್ ಇದನ್ನು ಕ್ರಿ.ಶ. 450ರ ಸುಮಾರಿನದು ಅಂದಿದ್ದರು. ಅಂದರೆ ಬಾದಾಮಿ ಚಾಲುಕ್ಯರು ಇನ್ನೂ ತಲೆ ಎತ್ತುವ ಮೊದಲು. ನಮ್ಮ ಮಾಸ್ತರರು ಹೇಳಿದ್ದೂ ಅದನ್ನೇ. ಗುಡಿ ಕಟ್ಟುವುದನ್ನು ಕಲಿಯುವಾಗ ಇಟ್ಟ ಮೊದಲ ಹೆಜ್ಜೆ ಇದು, ಅದಕ್ಕೇ ಇಷ್ಟು ಸಾದಾ ಅಂತ. ಆಮೇಲೆ ಬಂದವರು ಕೆತ್ತನೆ, ಕಂಬ, ಅಕ್ಷರ ಎಲ್ಲ ಹೋಲಿಸಿ ನೋಡಿದರು. ಇದು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನದ ಮೊದಲ ಭಾಗದ್ದು ಅಂದರು. ಒಂದು ಕಲ್ಲೂ ಅಲುಗಲಿಲ್ಲ. ಆದರೂ ಗುಡಿ ಎರಡೂವರೆ ನೂರು ವರ್ಷ ಚಿಕ್ಕದಾಯಿತು. ಹಾಗಾದರೆ ಇದು ಕಲಿಯುವವರ ತಪ್ಪು ಹೆಜ್ಜೆ ಅಲ್ಲ. ಶಿಖರ ಎತ್ತುವುದು ಗೊತ್ತಿದ್ದ ಕಾಲದಲ್ಲೇ, ನಮಗೆ ಮನೆಯಂಥ ಗುಡಿ ಬೇಕು ಅಂತ ಬೇಕೆಂದೇ ಕಟ್ಟಿದ್ದು. ಇದನ್ನು ಓದಿದ ದಿನ ನನಗೆ ಆಯಿಯ ಮಾತು ನೆನಪಾಯಿತು. ಆಕೆ ಯಾವಾಗಲೂ ಹೇಳುತ್ತಿದ್ದಳು: "ಅದು ಮನಿಯಂಗ ಐತಿ. ಅದಕ್ಕ ಆತ ಇದ್ದ."

ಐಹೊಳೆಯಲ್ಲಿ ನಿಜವಾಗಿ ಇಂಥದ್ದೇ ವರ್ಷದ್ದು ಅಂತ ಬೆರಳಿಟ್ಟು ತೋರಿಸಬಹುದಾದ ಗುಡಿ ಅಂದರೆ ಗುಡ್ಡದ ಮೇಲಿನ ಮೇಗುತಿ. ಮೇಲಿನ ಗುಡಿ ಅನ್ನುವುದೇ ಜನರ ಬಾಯಲ್ಲಿ ಮೇಗುತಿ ಆಗಿದೆ. ರವಿಕೀರ್ತಿ ಕ್ರಿ.ಶ. 634ರಲ್ಲಿ ಅಲ್ಲಿ ಜಿನಾಲಯ ಕಟ್ಟಿಸಿ, ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದನ್ನು ಕಲ್ಲಿನಲ್ಲಿ ಕಾವ್ಯ ಮಾಡಿ ಬರೆಸಿದ. ತನ್ನನ್ನು ಕಾಳಿದಾಸ, ಭಾರವಿಗೆ ಸಮ ಅಂತ ಹೇಳಿಕೊಂಡ. ಇಡೀ ದೇಶದ ಇತಿಹಾಸದ ಪುಸ್ತಕಗಳಿಗೆ ಬೇಕಾದ ಕಲ್ಲು ಅದು. ಆಯಿಗೆ ಮೇಗುತಿ ಅಂದರೆ ಆಡು ಕಾಯಲು ಹೋದಾಗ ನೆರಳಿಗೆ ಕೂಡುತ್ತಿದ್ದ ಜಾಗ. ಅಲ್ಲಿಂದ ಮಲಪ್ರಭೆ ಕಾಣುತ್ತದೆ, ಊರಿಗೆ ಊರೇ ಕಾಣುತ್ತದೆ, ಯಾರ ಮನೆಯಲ್ಲಿ ಹೊಗೆ ಎದ್ದಿದೆ ಅಂತಲೂ ಕಾಣುತ್ತಿತ್ತು.

ದುರ್ಗ ಗುಡಿಯ ಕಥೆ ಇನ್ನೂ ಚೆಂದ. ಐಹೊಳೆಯ ಫೋಟೋ ಅಂದರೆ ಎಲ್ಲರಿಗೂ ಬರುವುದು ಅದೇ, ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ ತಿರುಗಿದ ಗುಡಿ. ಪ್ರವಾಸಕ್ಕೆ ಬಂದವರು ದುರ್ಗಾದೇವಿಯ ಗುಡಿ ಅಂತ ಕೈ ಮುಗಿಯುತ್ತಾರೆ. ಸುತ್ತಿನ ಪಡಸಾಲೆಯ ಗೂಡೊಂದರಲ್ಲಿ ಮಹಿಷನನ್ನು ಕೊಲ್ಲುವ ದೇವಿಯೂ ಇದ್ದಾಳೆ, ಹಾಗಾಗಿ ನಂಬುವುದು ಸುಲಭ. ಆದರೆ ಈ ದುರ್ಗ ದೇವಿಯಲ್ಲ, ಕೋಟೆ. ಚಿತ್ರದುರ್ಗ ಅನ್ನುವಾಗಿನ ದುರ್ಗ. ಯಾವುದೋ ಕಾಲದಲ್ಲಿ ಊರಿಗೆ ಕೋಟೆ ಬೇಕಾಯಿತು. ಗುಡಿ ಆ ಕೋಟೆಯ ಭಾಗವಾಯಿತು, ಅದರ ಮೇಲೆ ಕಲ್ಲು ಪೇರಿಸಿ ಕಾವಲು ಕಾಯುವ ಜಾಗ ಮಾಡಿಕೊಂಡರು. ದುರ್ಗದ ಗುಡಿ ಅನ್ನುವ ಹೆಸರು ಆಗ ಬಂತು. 1850ರ ದಶಕದಲ್ಲಿ ಬಿಗ್ಸ್ ಎಂಬ ಬ್ರಿಟಿಷ್ ಅಧಿಕಾರಿ ಈ ಗುಡಿಯ ಫೋಟೋ ತೆಗೆದ. ಅಂಥ ಫೋಟೋಗಳನ್ನು ನೋಡಿ ಫರ್ಗುಸನ್ ಎಂಬ ವಿದ್ವಾಂಸ, ದುಂಡಗಿನ ಹಿಂಭಾಗ ಇದೆಯಲ್ಲ, ಇದು ಮೊದಲು ಬೌದ್ಧರ ಚೈತ್ಯ, ಅಂದರೆ ಅವರ ಪ್ರಾರ್ಥನೆಯ ಮಂದಿರ, ಆಗಿತ್ತು ಅಂತ ಬರೆದುಬಿಟ್ಟ. ಅದು ಬಹಳ ಕಾಲ ನಡೆಯಿತು. ಕೊನೆಗೆ ಗುಡಿಯದೇ ಶಾಸನ ಓದಿದಾಗ ಸಿಕ್ಕಿದ್ದು ಬೇರೆ: ಕೋಮಾರಸಿಂಗ ಎಂಬುವನು ಕಟ್ಟಿಸಿದ ಆದಿತ್ಯನ ಗುಡಿ ಇದು. ಸೂರ್ಯನ ಗುಡಿ ಕೋಟೆಯಾಗಿ, ಕೋಟೆ ಚೈತ್ಯವಾಗಿ, ಚೈತ್ಯ ದುರ್ಗಮ್ಮನ ಗುಡಿಯಾಗಿ, ಈಗ ಕ್ಯಾಲೆಂಡರಿನ ಚಿತ್ರವಾಗಿದೆ. ಇತ್ತ ಪಕ್ಕದ ಗೌಡರ ಗುಡಿ ನಿಜವಾಗಿಯೂ ದೇವಿಯ ಗುಡಿ, ಬಾಗಿಲ ಮೇಲೆ ಗಜಲಕ್ಷ್ಮಿ ಇದ್ದಾಳೆ. ಅದರ ಹೆಸರಿನಲ್ಲಿ ಉಳಿದದ್ದು ಗೌಡರು.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಐಹೊಳೆಯ ಗುಡಿಗಳ ಹೆಸರನ್ನು ಒಮ್ಮೆ ಜೋರಾಗಿ ಹೇಳಿ ನೋಡಿ. ಗೌಡರ ಗುಡಿ. ಬಡಿಗೇರ ಗುಡಿ. ಅಂಬಿಗೇರ ಗುಡಿ. ಹುಚ್ಚಪ್ಪಯ್ಯನ ಮಠ. ಹುಚ್ಚಿಮಲ್ಲಿ ಗುಡಿ. ಹಳಬಸಪ್ಪನ ಗುಡಿ. ಮದ್ದಿನ ಗುಡಿ, ಮದ್ದು ಅಂದರೆ ನಮ್ಮ ಕಡೆ ಔಷಧವೂ ಹೌದು, ಸಿಡಿಮದ್ದೂ ಹೌದು. ಇವು ದೇವರ ಹೆಸರುಗಳೇ? ಒಂದು ಓಣಿಯ ಹೆಸರುಗಳು ಇವು. ನಮ್ಮ ಓಣಿಯಲ್ಲೂ ಬಡಿಗೇರರಿದ್ದರು, ಅಂಬಿಗೇರರಿದ್ದರು, ಸ್ವಲ್ಪ ತಲೆ ಕೆಟ್ಟಿದ್ದ, ಆದರೆ ಎಲ್ಲರೂ ಊಟಕ್ಕೆ ಕರೆಯುತ್ತಿದ್ದ ಒಬ್ಬ ಮಲ್ಲಿಯೂ ಇದ್ದಳು. ಒಂದು ಕಾಲದಲ್ಲಿ ಈ ಊರಿನ ಹೆಸರು ತಮಿಳುನಾಡು, ಶ್ರೀಲಂಕೆಯ ಶಾಸನಗಳ ತನಕ ಹೋಗಿತ್ತು. ಅಯ್ಯಾವೊಳೆಯ ಐನೂರ್ವರು ಅಂದರೆ ದಕ್ಷಿಣದಲ್ಲೆಲ್ಲ ಹೆಸರಾದ ವ್ಯಾಪಾರಿಗಳ ಸಂಘ. ಆ ಐನೂರು ಮಂದಿಯ ಹೆಸರು ಯಾವ ಗುಡಿಗೂ ನಿಂತಿಲ್ಲ. ಬಡಿಗೇರನ ಹೆಸರು ನಿಂತಿದೆ.

ಜನ ಯಾಕೆ ಗುಡಿಯೊಳಗೆ ಇದ್ದರು ಅಂತ ಆಯಿಯನ್ನು ಕೇಳಿದ್ದೆ. ಆಕೆಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಮಳಿ ಸೋರತಿದ್ದಿಲ್ಲ, ಬೆಂಕಿ ಹತ್ತತಿದ್ದಿಲ್ಲ, ಬಾಡಗಿ ಇದ್ದಿಲ್ಲ. ಬ್ಯಾಸಗಿಯಾಗ ತಂಪ. ಮತ್ತೇನ ಬೇಕ?" ಮಣ್ಣಿನ ಮಾಳಿಗೆಯ ಮನೆಗೆ ವರ್ಷ ವರ್ಷ ಮೇಲುಮುದ್ದೆ ಹಾಕಬೇಕು, ಮಳೆಗಾಲ ಬಂದರೆ ರಾತ್ರಿಯೆಲ್ಲ ಪಾತ್ರೆ ಇಡಬೇಕು. ಕೂಲಿ ಮಾಡುವವರಿಗೆ ಕಲ್ಲಿನ ಚಾವಣಿ ಅಂದರೆ ದೇವರೇ ಕೊಟ್ಟ ಮನೆ. ಅದೂ ಒಳಗೆ ದೇವರು ಇಲ್ಲದ, ಪೂಜೆ ನಿಂತು ನೂರಾರು ವರ್ಷ ಕಳೆದ ಕಟ್ಟಡ.

ಮಾಸ್ತರರ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಒಲೆಯ ಹೊಗೆಗೆ ಕೆತ್ತನೆ ಕಪ್ಪಾಗಿದ್ದು ನಿಜ. ಗುಡಿಯ ಕಲ್ಲುಗಳು ಮನೆಯ ಗೋಡೆ ಸೇರಿದ್ದೂ ನಿಜ. ಬ್ರಿಟಿಷರ ಕಾಲದಲ್ಲಿ 1904ರಲ್ಲಿ ಹಳೆಯ ಸ್ಮಾರಕಗಳ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ 1958ರ ಕಾಯ್ದೆ ಬಂತು. ನಾವು ಗುಡಿ ಗುಡಿಯ ಮುಂದೆ ನೋಡುವ ನೀಲಿ ಬೋರ್ಡಿನಲ್ಲಿ ರಾಷ್ಟ್ರೀಯ ಮಹತ್ವದ ಸ್ಮಾರಕ ಅಂತ ಬರೆದಿರುವುದು ಆ ಕಾಯ್ದೆಯ ಹೆಸರಿನಲ್ಲಿ. ಅದು ಇಲ್ಲದಿದ್ದರೆ ಇವತ್ತು ಎಷ್ಟು ಉಳಿಯುತ್ತಿತ್ತೋ. ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ದೊಡ್ಡ ಕಲ್ಲುಗಳು ಈಗ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿವೆ. ಅವು ಅಲ್ಲಿಗೆ ಹೋದಾಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ನಾನು ಅಲ್ಲಿ ಅವುಗಳ ಮುಂದೆ ನಿಂತು ನೋಡಿದ್ದೇನೆ. ಕೆತ್ತನೆ ಅದ್ಭುತ, ಬೆಳಕು ಚೆನ್ನಾಗಿದೆ, ಧೂಳಿಲ್ಲ. ಆದರೆ ಅದು ತಲೆ ಎತ್ತಿ ನೋಡಬೇಕಾದ ಕಲ್ಲು. ಕತ್ತು ನೋಯಿಸಿಕೊಂಡು, ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ನೋಡುತ್ತಿದ್ದದ್ದನ್ನು ಅಲ್ಲಿ ಕನ್ನಡಿ ನೋಡಿದ ಹಾಗೆ ಎದುರಿಗೆ ನಿಂತು ನೋಡುತ್ತೇವೆ. ಪಕ್ಕದಲ್ಲಿದ್ದ ಒಬ್ಬರು ಐಹೊಳೆ ಎಲ್ಲಿದೆ ಅಂತ ಕೇಳಿದರು. ನಮ್ಮ ಆಯಿಯ ಊರು ಅಂತ ಹೇಳಿದೆ. ಮೊದಲ ಸಲ ಆ ಮಾತನ್ನು ಎದೆ ತುಂಬಿ ಹೇಳಿದ್ದು ಅಲ್ಲಿ.

ಆ ನಾಚಿಕೆ ಕರಗಿದ್ದು ಮುಂಬೈನಲ್ಲಿ ಅಲ್ಲ. ಅದಕ್ಕೂ ಮುಂಚೆ, ಬಾಗಲಕೋಟೆಯಲ್ಲೇ, ನಮ್ಮ ಮನೆ ಒಡೆದಾಗ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಗೆ ಏರಿ ಬಂದು ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದ್ದು ಈ ಕಡೆಯವರಿಗೆಲ್ಲ ಗೊತ್ತು. ನಮ್ಮದು ಹೊಳೆಯ ಕಡೆಯ ಓಣಿ. ಪರಿಹಾರ ಬಂತು, ನವನಗರದಲ್ಲಿ ಜಾಗ ಬಂತು. ಮನೆಯನ್ನು ನಾವೇ ಒಡೆಯಬೇಕಿತ್ತು. ಯಾಕೆಂದರೆ ತೊಲೆ, ಜಂತಿ, ಬಾಗಿಲು ಎಲ್ಲ ಸಾಗವಾನಿ. ಬಿಟ್ಟು ಹೋಗುವುದಕ್ಕೆ ಆಗುತ್ತದಾ? ನಮ್ಮಪ್ಪ ಮುಂಬಾಗಿಲ ಚೌಕಟ್ಟನ್ನು ತಾನೇ ನಿಂತು ಕೀಳಿಸಿದರು. ಗೋಡೆಯಿಂದ ಅದು ಬಿಡಿಸಿಕೊಂಡು ಬಂದಾಗ ಹಿಂದಿನ ಮಣ್ಣಿನಲ್ಲಿ ಚೌಕಟ್ಟಿನದೇ ಅಚ್ಚು ಉಳಿದಿತ್ತು. ಎಡಗಡೆ ಕಂಬದ ಮೇಲೆ ನಾನು, ತಮ್ಮ ಎಷ್ಟು ಎತ್ತರ ಬೆಳೆದೆವು ಅಂತ ಅವ್ವ ಚಾಕುವಿನಿಂದ ಗೀಚಿದ್ದ ಗೆರೆಗಳು. ಅಪ್ಪ ಅದನ್ನು ಗೋಣಿ ಚೀಲದಲ್ಲಿ ಸುತ್ತಿ ಟ್ರ್ಯಾಕ್ಟರಿನಲ್ಲಿ ಮಲಗಿಸಿದರು. ಹೊಸ ಮನೆಗೆ ಅದು ಎತ್ತರ ಸಾಲಲಿಲ್ಲ. ಈಗ ಹಿತ್ತಲಿನ ಗೋಡೆಗೆ ಒರಗಿದೆ. ಗೆರೆಗಳು ಹಾಗೇ ಇವೆ.

ಹಳೆಯ ಊರಿನಲ್ಲಿ ವಿಳಾಸ ಕೇಳಿದರೆ ಇಂಥ ಓಣಿ, ಇಂಥವರ ಮನೆಯ ಬಾಜೂಕೆ ಅನ್ನುತ್ತಿದ್ದೆವು. ನವನಗರದಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಅಗಲ ರಸ್ತೆ, ಗಿಡ, ಗಾಳಿ, ಎಲ್ಲ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ವರ್ಷ ಅವ್ವ ತನ್ನ ಮನೆಯ ನಂಬರನ್ನು ನೆನಪಿಟ್ಟುಕೊಳ್ಳಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವರು ಹಳೆಯ ಊರಿನ ಕಡೆ ಹೋಗಿ ತಮ್ಮ ಮನೆಯ ಬುನಾದಿ ಹುಡುಕುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ಕೆಸರಿನ ನಡುವೆ ಬೀಸುವ ಕಲ್ಲಿನ ಒಂದು ಹೋಳು ಸಿಕ್ಕಿತು. ಯಾರದೋ ಏನೋ. ಎತ್ತಿಕೊಳ್ಳಲು ಮನಸ್ಸಾಗದೆ ಮತ್ತೆ ಅಲ್ಲೇ ಇಟ್ಟು ಬಂದೆ. ಅವತ್ತು ರಾತ್ರಿ ನನಗೆ ಆಯಿ ನೆನಪಾದಳು. ಆಕೆಯ ತವರುಮನೆ ಎಲ್ಲಿ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಆಕೆಯ ಮನೆ ಮುಳುಗಿಲ್ಲ, ಬಿದ್ದಿಲ್ಲ. ಸಾವಿರದ ಮುನ್ನೂರು ವರ್ಷದ ಕಲ್ಲು, ಇನ್ನೂ ಗಟ್ಟಿಯಾಗಿ ನಿಂತಿದೆ. ಸುತ್ತ ತಂತಿಬೇಲಿ ಇದೆ ಅಷ್ಟೆ.

ಕಳೆದ ವರ್ಷ ಶ್ರಾವಣದಲ್ಲಿ ಆಯಿಯನ್ನು ಕರೆದುಕೊಂಡು ಹೋದೆ. "ನಿನ್ನ ತವರಮನಿ ತೋರಿಸು" ಅಂದೆ. ಮೊದಲು ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕೋಲು ಹಿಡಿದು ನನಗಿಂತ ಮುಂದೆ ನಡೆದಳು. ಟಿಕೆಟ್ಟಿನ ದೊಡ್ಡ ಗುಡಿಗಳನ್ನು ದಾಟಿ, ಊರೊಳಗಿನ ಸಂದಿಯಲ್ಲಿ ಹೋದೆವು. ಒಂದು ಕಡೆ ಮನೆ, ಇನ್ನೊಂದು ಕಡೆ ಗುಡಿ, ನಡುವೆ ಚರಂಡಿ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲವಕ್ಕೂ ಹುಲ್ಲುಹಾಸು, ದೀಪ ಇಲ್ಲ.

ಆಯಿ ನಿಂತದ್ದು ಒಂದು ಸಣ್ಣ ಗುಡಿಯ ಮುಂದೆ. ಪುಸ್ತಕದಲ್ಲಿ ಚಿತ್ರ ಬರುವಂಥದ್ದಲ್ಲ. ನಾಲ್ಕು ಕಂಬದ ಮಂಟಪ, ಹಿಂದೆ ಒಂದು ಕತ್ತಲ ಕೋಣೆ. ಆಕೆ ಚಪ್ಪಲಿ ಹೊರಗೆ ಬಿಟ್ಟಳು. ಒಳಗೆ ದೇವರಿಲ್ಲ ಅಂತ ಆಕೆಗೆ ಗೊತ್ತು. ಹೊಸ್ತಿಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಸವರುತ್ತ ಹುಡುಕಿದಳು. ಮೂಲೆಯಲ್ಲಿ ನೆಲದ ಹಾಸುಗಲ್ಲಿನೊಳಗೆ ದುಂಡಗೆ ಒಂದು ಕುಳಿ. ಒಂದು ಗೇಣು ಅಗಲ, ಒಳಗೆ ನುಣ್ಣಗೆ ಹೊಳೆಯುತ್ತದೆ. "ಒಳ್ಳು," ಅಂದಳು. ಖಾರ ಕುಟ್ಟುತ್ತಿದ್ದ ಒರಳು. ಅದರ ಮೇಲಿನ ಚಾವಣಿ ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಅಲ್ಲೇ ಒಲೆ. ಕಂಬದ ಅಂಚಿನಲ್ಲಿ ಹಗ್ಗ ಪೋಣಿಸುವಷ್ಟು ತೂತು. ಅಲ್ಲಿ ಎಮ್ಮೆ. ಕಂಬದ ಮೇಲೆ ಸವೆದ ಒಂದು ಜೋಡಿ ಇದೆ, ಗಂಡು ಹೆಣ್ಣು ಹೆಗಲ ಮೇಲೆ ಕೈ ಹಾಕಿ ನಿಂತದ್ದು. "ಇವರು ನಮ್ಮ ಮನಿ ಹಿರ್‍ಯಾರು ಅಂತಿದ್ಲು ನಮ್ಮವ್ವ. ಯುಗಾದಿಗೆ ಇವರಿಗೂ ಎಣ್ಣಿ ಹಚ್ಚತಿದ್ವಿ." ನೆಲದ ಮೇಲೆ ಹುಲಿ-ಕುರಿ ಆಟದ ಗೆರೆಗಳು. ಆಕೆ ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕುಳಿತು, ಆ ಗೆರೆಗಳ ಮೇಲೆ ಬೆರಳು ಓಡಿಸಿದಳು. ಒಂದು ಗೆರೆ ಸೊಟ್ಟ ಇತ್ತು. "ಇದು ನಾ ಕೊರದದ್ದು. ಅಪ್ಪ ಬೈದಿದ್ದ."

ನಾನು ಮೊಣಕಾಲೂರಿ ಆ ಕುಳಿಯೊಳಗೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಕಲ್ಲು ಇಷ್ಟು ನುಣುಪಾಗಬೇಕಾದರೆ ಎಷ್ಟು ಸಲ ಒನಕೆ ಬಿದ್ದಿರಬೇಕು! ಗುಡಿ ಕೆತ್ತಿದ ಶಿಲ್ಪಿಯ ಉಳಿಯ ಗುರುತನ್ನು ನಾವು ಕಲೆ ಅನ್ನುತ್ತೇವೆ. ಈ ಗುರುತನ್ನು ಹಾಳು ಅಂತ ಬರೆದುಕೊಂಡಿದ್ದೇವೆ. ನನಗೆ ಈಗ ಎರಡೂ ಕೈಕೆಲಸವೇ ಅನ್ನಿಸುತ್ತದೆ. ಇದನ್ನು ಯಾರಾದರೂ ಸಿಮೆಂಟು ತುಂಬಿ ಮುಚ್ಚಿಬಿಟ್ಟರೆ ಒಂದು ಶಾಸನ ಅಳಿಸಿದ ಹಾಗೆ.

ಅಷ್ಟರಲ್ಲಿ ಕಾವಲುಗಾರ ಬಂದ. ಚಿಕ್ಕ ಹುಡುಗ, ಬಹಳ ಮರ್ಯಾದೆಯಿಂದಲೇ ಹೇಳಿದ. "ಅಮ್ಮಾರ, ಒಳಗ ಕೂಡಬ್ಯಾಡ್ರಿ. ಸಾಹೇಬ್ರು ಬೈತಾರ." ಆಯಿ ಎದ್ದಳು. ಆತನ ಮುಖ ಹತ್ತಿರದಿಂದ ನೋಡಿ, "ನೀ ಯಾರ ಪೈಕಿ?" ಅಂದಳು. ಆತ ಹೇಳಿದ. ಆತನ ಮುತ್ತಜ್ಜನ ಮನೆ ಎದುರಿನ ಗುಡಿಯಲ್ಲಿತ್ತಂತೆ, ಆಯಿಯೇ ತೋರಿಸಿಕೊಟ್ಟಳು. ಹುಡುಗ ಒಂದು ಗಳಿಗೆ ಆ ಗುಡಿಯ ಕಡೆ ನೋಡುತ್ತ ನಿಂತ. ದಿನಾ ಕಸ ಹೊಡೆಯುವ ಜಾಗ ಅದು ಅವನಿಗೆ.

ಆತ ತನ್ನ ಕೆಲಸ ಮಾಡಿದ, ತಪ್ಪಿಲ್ಲ. ಆದರೆ ಈ ಊರಿನವರ ಕಷ್ಟವನ್ನೂ ಹೇಳಲೇಬೇಕು. 1958ರ ಆ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ. ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಹೆಜ್ಜೆ ಹೆಜ್ಜೆಗೆ ಗುಡಿ ಇರುವ ಊರಿನಲ್ಲಿ 100 ಮೀಟರ್ ಬಿಟ್ಟು ಜಾಗ ಎಲ್ಲಿ ಹುಡುಕಬೇಕು? ಮಗನ ಲಗ್ನಕ್ಕೆ ಒಂದು ಕೋಣೆ ಏರಿಸುವಂತಿಲ್ಲ. ಊರನ್ನೇ ಬೇರೆ ಕಡೆ ಸಾಗಿಸುವ ಮಾತು ಆಯಿಯ ಹರೆಯದಿಂದಲೂ ಕೇಳಿಬರುತ್ತಿದೆ. ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಒಟ್ಟಿಗೆ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಿದ್ದು 2015ರಲ್ಲಿ. ಪಟ್ಟದಕಲ್ಲಿಗೆ ವಿಶ್ವಪರಂಪರೆಯ ಗೌರವವೇ 1987ರಲ್ಲಿ ಸಿಕ್ಕಿದೆ. ಐಹೊಳೆಗೂ ಸಿಗಲಿ ಅಂತ ನನಗೂ ಆಸೆ ಇದೆ. ಊರು ಸಾಗಿಸಲೇಬೇಕಾದರೆ ಒಳ್ಳೆಯ ಜಾಗ ಕೊಟ್ಟು, ಕೇಳಿ, ಒಪ್ಪಿಸಿ ಸಾಗಿಸಲಿ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಆಗಬೇಕು. ಯಾವ ಗುಡಿಯಲ್ಲಿ ಯಾರಿದ್ದರು, ಎಲ್ಲಿ ಒಲೆ ಇತ್ತು, ಯಾವಾಗ ಬಿಟ್ಟರು ಅಂತ ಇರುವ ನಾಲ್ಕು ಮುದುಕರನ್ನು ಕೇಳಿ ಬರೆದಿಡಬೇಕು. ಆ ಬೋರ್ಡಿನ ಮೇಲೆ ಚಾಲುಕ್ಯರ ಪಕ್ಕದಲ್ಲಿ ಅದಕ್ಕೂ ಎರಡು ಸಾಲು ಜಾಗ ಕೊಡಬೇಕು. ಟ್ರಿಪ್ಪಿಗೆ ಬಂದ ಯಾವ ಹುಡುಗಿಯೂ ಅಲ್ಲಿ ತಲೆ ತಗ್ಗಿಸಬಾರದು.

ಹೊರಗೆ ಬಂದಾಗ ಆಯಿ ಗುಡಿಯ ಮುಂದಿನ ಸಣ್ಣ ಹಲಗೆಯನ್ನು ಕೋಲಿನಿಂದ ತೋರಿಸಿದಳು. "ಏನ ಬರದಾರ?"

"ನಂಬರ್ ಐತಿ ಆಯಿ. ಹೆಸರಿಲ್ಲ."

"ನಂಬರ್ ಏನು?"

ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ನಿಮ್ಮ ನವನಗರದಾಗೂ ಹಿಂಗ ಅಲ್ಲೇನು?" ಅಂದಳು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಆಕೆಗೆ ಒಂದು ಚಹಾ ಕೊಡಿಸಿದೆ. ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು, ತೆಗೆದೆ. ಆಯಿ ಬಾಗಲಕೋಟೆಗೆ ನನ್ನ ಜೊತೆ ನಾಲ್ಕು ದಿನ ಇರುವುದಕ್ಕೆ ಬರುವವಳಿದ್ದಳು. ಬಸ್ ಹೊರಟ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಒಂದೊಂದೇ ಹೇಳತೊಡಗಿದಳು. ಇದು ಕುಂಬಾರರ ಮನಿ. ಅದರ ಹಿಂದಿಂದು ಸೂಲಗಿತ್ತಿ ಮನಿ, ನನ್ನ ಹೆರಿಗೆ ಮಾಡಿಸಿದಾಕಿದು. ಅದು ಯಾರೂ ಇರಲಿಲ್ಲ, ಹಾವು ಇತ್ತು. ಇದರಾಗ ಒಬ್ಬ ಮಾಸ್ತರ ಇದ್ದ, ರಾತ್ರಿ ಕಂದೀಲು ಹಚ್ಚಿ ಓದತಿದ್ದ. ಊರು ಹಿಂದೆ ಸರಿದು ಹೊಲಗಳು ಬಂದರೂ ಆಕೆಯ ಕಣ್ಣ ಮುಂದೆ ಓಣಿ ಹಾಗೇ ಇತ್ತು. ರಸ್ತೆಯ ಕುಲುಕಾಟಕ್ಕೆ ನನ್ನ ಅಕ್ಷರ ಸೊಟ್ಟಪಟ್ಟ. ಹದಿನಾಲ್ಕು ಮನೆ ಬರೆದೆ. ಹದಿನೈದನೆಯದು ಯಾರದೆಂದು ಆಕೆಗೆ ನೆನಪಾಗಲಿಲ್ಲ. ಬಾಗಿಲಲ್ಲಿ ಬೇವಿನ ಗಿಡ ಇತ್ತು, ಹೆಂಗಸು ಕೆಂಪಗಿದ್ದಳು, ಹಾಡು ಚೆಂದ ಹೇಳುತ್ತಿದ್ದಳು, ಹೆಸರು ಮಾತ್ರ ಬರಲೊಲ್ಲದು. "ತಡಿ, ಬರತೈತಿ," ಅಂದಳು. ನಾನು 15 ಅಂತ ಬರೆದು ಮುಂದೆ ಜಾಗ ಬಿಟ್ಟೆ. ಅಮೀನಗಡ ಬಂತು. ಬಸ್ಸಿನೊಳಗೆ ಕರದಂಟು ಮಾರುವವರು ಹತ್ತಿದರು. ಆಯಿ ಇನ್ನೂ ಯೋಚಿಸುತ್ತಲೇ ಇದ್ದಳು.